ಹಗ್ಗ ಹಿಡಿಯುವವರ ಕಾಲಂ

ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಒಬ್ಬ ಸದಸ್ಯರ ಪುಟ ತೆರೆಯಬೇಕೆಂದರೆ ನಾನು ಅವರ ನಂಬರು ಹೊಡೆದು, ಎದ್ದು ಹೋಗಿ, ಚಹಾಕ್ಕೆ ನೀರಿಟ್ಟು ಬರುತ್ತಿದ್ದೆ. ನೀರು ಕುದಿಯುವುದು ಮೊದಲೋ ಪುಟ ತೆರೆಯುವುದು ಮೊದಲೋ ಎಂದು ವಯನಾಡಿನ ಪುಲ್ಪಳ್ಳಿಯ ಆ ಆಫೀಸಿನಲ್ಲಿ ಯಾರಿಗೂ ಖಾತ್ರಿ ಇರಲಿಲ್ಲ. ಮೆಣಸಿನ ಚೀಲ ತಂದವರು ಬೆಂಚಿನ ಮೇಲೆ ಕೂತು ಒಬ್ಬರ ಮನೆಯ ಮದುವೆ, ಇನ್ನೊಬ್ಬರ ಮೊಣಕಾಲು ನೋವು, ಆನೆ ಬಂದು ಮುರಿದ ಬಾಳೆ, ಎಲ್ಲ ಮಾತಾಡಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಹೆಸರು ಬರುತ್ತಿತ್ತು. ಅಷ್ಟರಲ್ಲಿ ನಾನು ಚೀಟಿ ಬರೆದು ಕೊಟ್ಟಾಗಿರುತ್ತಿತ್ತು. ನಂಬರು ಹೇಳಿ ಎಂದು ನಾನು ಯಾರನ್ನೂ ಕೇಳಿದವಳಲ್ಲ. ಮುಖ ನೋಡಿದರೆ ನಂಬರು ಬರುತ್ತಿತ್ತು, ಊರು ಬರುತ್ತಿತ್ತು, ಹೋದ ವರ್ಷ ಎಷ್ಟು ಚೀಲ ತಂದಿದ್ದರು ಎಂಬುದೂ ಬರುತ್ತಿತ್ತು. ಈ ವಿಷಯದಲ್ಲಿ ನನಗೆ ಜಂಬ ಇತ್ತು. ಇರಲಿಲ್ಲ ಎಂದು ಈಗ ಸುಳ್ಳು ಹೇಳಿ ಏನಾಗಬೇಕು?

ನಮ್ಮದು ರೈತರಿಂದಲೂ ಕಾಡಿನ ಜನರಿಂದಲೂ ಮೆಣಸು, ಕಾಫಿ, ಜೇನು ಕೊಳ್ಳುವ ಒಂದು ಸಂಘ. ದೊಡ್ಡ ಆಫೀಸು ಮೀನಂಗಡಿಯಲ್ಲಿ, ಹೆದ್ದಾರಿಯ ಪಕ್ಕದಲ್ಲಿ. ಪುಲ್ಪಳ್ಳಿಯ ಶಾಖೆಯಲ್ಲಿ ನಾನು ದಾಖಲೆಯ ಗುಮಾಸ್ತೆ. ನನ್ನ ಮನೆ ಕೊಳವಳ್ಳಿ, ಕಬಿನಿಯ ದಡ. ನಮ್ಮ ಹಿರಿಯರು ಹೊಳೆಯ ಆಚೆ ದಡದಿಂದ ಬಂದವರು, ಹೊಳೆ ದಾಟಿದರೂ ಭಾಷೆ ಬಿಟ್ಟವರಲ್ಲ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ, ಜಗಳಕ್ಕೆ ಎರಡೂ. ಕಾಡಂಚಿನ ಹಾಡಿಗಳಿಂದ ಜೇನು ತರುವವರು ಮಾತಾಡುವುದೂ ಕನ್ನಡದಂಥದ್ದೇ ಮಾತು. ಹಾಗಾಗಿ ಅವರೆಲ್ಲ ಬೇರೆ ಮೇಜುಗಳನ್ನು ದಾಟಿ ನನ್ನ ಮೇಜಿಗೇ ಬರುತ್ತಿದ್ದರು.

ಆ ಜನರಲ್ಲಿ ಒಂದು ಕಟ್ಟು, ಅಂದರೆ ಕಟ್ಟಳೆ, ಇದೆ. ಹೆಜ್ಜೇನಿಗೆ ಮರ ಹತ್ತುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಅವನ ಸ್ವಂತ ಅಣ್ಣತಮ್ಮಂದಿರಾದರೂ ಆಗದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಡುವೆ ಏನಾದರೂ ಹಳೆಯ ಸಿಟ್ಟು ಇರಬಹುದು. ಆದರೆ ತಂಗಿಯ ಕತ್ತಿನ ಕರಿಮಣಿ ಹೋಗಲಿ ಎಂದು ಯಾವ ಅಣ್ಣನೂ ಹಗ್ಗ ಸಡಿಲ ಬಿಡುವುದಿಲ್ಲ. ಇನ್ನೂ ಒಂದು ಕಟ್ಟು: ಜೇನನ್ನು ಹತ್ತಿದವನ ಹೆಸರಿನಲ್ಲೇ ತೂಗಬೇಕು. ಹಂಚಿಕೊಳ್ಳುವುದು ಆಮೇಲೆ, ಹಾಡಿಯಲ್ಲಿ. ಹೀಗಾಗಿ ಹಗ್ಗ ಹಿಡಿಯುವವರೂ ನಮ್ಮ ಸದಸ್ಯರೇ ಆದರೂ ಅವರ ಪುಟದಲ್ಲಿ ಒಂದು ತೊಟ್ಟು ಜೇನೂ ಇರುತ್ತಿರಲಿಲ್ಲ.

ಜೇನಿನ ಕಾಲದಲ್ಲಿ ಕಾಡಿನೊಳಗೆ ಹೋಗಲು ಪಾಸು ಬೇಕು. ಸಂಘ ಯಾರ ಹೆಸರು ಕೊಡುತ್ತದೋ ಅವರಿಗೆ ಮಾತ್ರ ಪಾಸು. ಪ್ರತಿ ವರ್ಷ ಆ ಪಟ್ಟಿಯನ್ನು ನಾನೇ ಕೂತು ಒಂದು ಹಾಳೆಯಲ್ಲಿ ಬರೆಯುತ್ತಿದ್ದೆ. ಹತ್ತುವವರನ್ನು ಕಂಪ್ಯೂಟರಿನಲ್ಲಿ ನೋಡಿ, ಹಿಡಿಯುವವರನ್ನು ನನ್ನ ತಲೆಯಿಂದ ತೆಗೆದು. ಮ್ಯಾನೇಜರ್ ಸಹಿ ಹಾಕಿದ ಮೇಲೆ ಹಾಳೆ ಅರಣ್ಯದವರ ಕೈಗೆ ಹೋಗುತ್ತಿತ್ತು. ನಕಲು ಇಟ್ಟುಕೊಳ್ಳಬೇಕೆಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಎಲ್ಲ ಗೊತ್ತಿರುವಾಗ ನಕಲು ಯಾಕೆ?

ಹೊಸ ವ್ಯವಸ್ಥೆ ಬರುತ್ತದೆ ಎಂದು ಮೀನಂಗಡಿಯಿಂದ ಸುದ್ದಿ ಬಂದಾಗ ನಾನು ನಂಬಲಿಲ್ಲ. ಅಲ್ಲಿಂದ ಏನೇನೋ ಬರುತ್ತದೆ ಎನ್ನುತ್ತಾರೆ, ಕೊನೆಗೆ ಬರುವುದು ಸುತ್ತೋಲೆ ಮಾತ್ರ. ಆದರೆ ಈ ಸಲ ನಿಜವಾಗಿಯೂ ನಮ್ಮನ್ನೆಲ್ಲ ಕರೆಸಿದರು. ಬೆಳಿಗ್ಗೆಯ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ, ಅದರ ಸಿಟ್ಟು ಬೇರೆ. ಪಾಠ ಹೇಳಲು ಕೊಚ್ಚಿಯ ಕಡೆಯ ಒಬ್ಬರು ಎಂಜಿನಿಯರಮ್ಮ ಬಂದಿದ್ದರು. ನಲವತ್ತು ದಾಟಿರಬಹುದು. ಗಟ್ಟಿ ದನಿ, ಆದರೆ ತಾಳ್ಮೆಯವರು. ಮಲಯಾಳದಲ್ಲಿ ಅವರು ಹೇಳಿದ್ದು ಇಷ್ಟು. ಹಳೆಯ ಯಂತ್ರ ಎಲ್ಲ ಲೆಕ್ಕಪತ್ರವನ್ನೂ ಡಿಸ್ಕಿನಲ್ಲಿ ಇಟ್ಟು, ಕೇಳಿದಾಗಲೆಲ್ಲ ಹುಡುಕಿ ತರುತ್ತದೆ. ಹೊಸದು ಬೇಕಾದ್ದನ್ನೆಲ್ಲ ತನ್ನ ಮೆಮೊರಿಯಲ್ಲೇ, ಅಂದರೆ ನೆನಪಿನಲ್ಲೇ ಇಟ್ಟುಕೊಂಡಿರುತ್ತದೆ.

"ಚೇಚೀ, ನಿಮ್ಮ ಅಡುಗೆಮನೆ ಯೋಚಿಸಿ" ಎಂದರು ನನ್ನತ್ತ ನೋಡಿ. ಚೇಚಿ ಎಂದರೆ ಅಕ್ಕ. "ಒಗ್ಗರಣೆ ಹಾಕುವಾಗಲೆಲ್ಲ ಅಟ್ಟ ಹತ್ತಿ ಸಾಸಿವೆ ತರುವುದು ಹಳೆಯದು. ಸಾಸಿವೆ ಡಬ್ಬಿ ಒಲೆಯ ಪಕ್ಕದಲ್ಲೇ ಇರುವುದು ಹೊಸದು."

ನಾನು ಕೈ ಎತ್ತಿದೆ. "ಎಲ್ಲ ನೆನಪಿನಲ್ಲಿ ಇಟ್ಟುಕೊಂಡರೆ, ಕರೆಂಟು ಹೋದರೆ? ವಯನಾಡಿನಲ್ಲಿ ಒಂದು ಗುಡುಗಿಗೆ ಕರೆಂಟು ಹೋಗುತ್ತದೆ. ನಿಮ್ಮ ನೆನಪು ಆಗ ಎಲ್ಲಿ ಹೋಗುತ್ತದೆ?"

ಎಲ್ಲರೂ ನಕ್ಕರು. ನನಗೆ ಖುಷಿಯಾಯಿತು. ಅವರು ಮಾತ್ರ ನಗಲಿಲ್ಲ. "ಸರಿಯಾದ ಪ್ರಶ್ನೆ" ಎಂದರು. ಪ್ರತಿಯೊಂದು ನಮೂದು ಮುಗಿಯುವ ಮೊದಲೇ ಅದು ಡಿಸ್ಕಿನಲ್ಲೂ ಒಂದು ಸಾಲಾಗಿ ಬರೆಯಲ್ಪಡುತ್ತದಂತೆ. ಆಗಾಗ ಇಡೀ ನೆನಪಿನ ಒಂದು ಪ್ರತಿಯೂ ಡಿಸ್ಕಿಗೆ ಇಳಿಯುತ್ತದಂತೆ. ಕರೆಂಟು ಹೋಗಿ ಬಂದರೆ ಯಂತ್ರ ಅದನ್ನು ಓದಿಕೊಂಡು ಮತ್ತೆ ಎಲ್ಲವನ್ನೂ ನೆನಪಿಗೆ ತಂದುಕೊಳ್ಳುತ್ತದೆ. "ಬರೆದಿಡದೆ ಬರೀ ನೆನಪನ್ನು ನಂಬುವುದು ಹುಚ್ಚು, ಚೇಚೀ. ಅಂಥ ಯಂತ್ರವನ್ನು ನಾನು ನಿಮಗೆ ತಂದುಕೊಡುವುದಿಲ್ಲ" ಎಂದರು. ನಾನು ತಲೆಯಾಡಿಸಿದೆ. ಅಷ್ಟಾದರೂ ಗೊತ್ತಲ್ಲ ಇವರಿಗೆ ಎಂದುಕೊಂಡೆ.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಮೆಮೊರಿ ದುಬಾರಿ. ವರ್ಷಗಟ್ಟಲೆ ಒಂದೂ ತೂಕ ಇಲ್ಲದ ಸದಸ್ಯರನ್ನು ಅದರಲ್ಲಿ ತುಂಬಿಸಿ ಫಲವಿಲ್ಲ. ಅಂಥವರನ್ನು ತಣ್ಣನೆಯ ಕೋಣೆ ಎಂದು ಅವರು ಕರೆಯುವ ಕಡೆ ಇಡುತ್ತಾರೆ. ಅಳಿಸುವುದಿಲ್ಲ, ಹುಡುಕಿದರೆ ಸಿಗುತ್ತಾರೆ, ಆದರೆ ದಿನದ ಕೆಲಸದಲ್ಲಿ ಇರುವುದಿಲ್ಲ. ಆ ಹೆಸರುಗಳ ಪಟ್ಟಿಯನ್ನು ಪ್ರತಿ ಶಾಖೆಗೂ ಕಳಿಸುತ್ತಾರೆ. ಜನರನ್ನು ಬಲ್ಲವರು ನೋಡಿ ಸಹಿ ಮಾಡಬೇಕು.

ನಮ್ಮ ಶಾಖೆಯಲ್ಲಿ ಜನರನ್ನು ಬಲ್ಲವರು ಎಂದರೆ ನಾನೇ. ಪಟ್ಟಿ ಬಂದದ್ದು ಮೆಣಸಿನ ಕೊಯ್ಲಿನ ನಟ್ಟನಡುವೆ, ಬಾಗಿಲಾಚೆ ಜೀಪುಗಳು ಸಾಲು ನಿಂತ ದಿನ. ಹಾಳೆ ಹಾಳೆ ತಿರುವಿದೆ. ಬಳ್ಳಿಗೆ ರೋಗ ಬಂದು ಮೆಣಸು ಬಿಟ್ಟವರು, ಜಾಗ ಮಾರಿ ಹೋದವರು, ತೀರಿಹೋದವರು. ಒಬ್ಬೊಬ್ಬರ ಹೆಸರಿಗೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬಂದೆ. ಮೂವರನ್ನು ತಪ್ಪಾಗಿ ಸೇರಿಸಿದ್ದರು, ತೆಗೆಸಿದೆ. ನೋಡಿದಿರಾ ಎಂದು ಮ್ಯಾನೇಜರಿಗೆ ತೋರಿಸಿ ಮೆರೆದೆ. ಕೊನೆಯ ಹಾಳೆಯಲ್ಲಿ ಹಾಡಿಯ ಹೆಸರುಗಳಿದ್ದವು. ಹಗ್ಗ ಹಿಡಿಯುವವರು, ಒಟ್ಟಿಗೆ. ಹೌದು, ಇವರು ಯಾವತ್ತೂ ಏನೂ ತಂದವರಲ್ಲ, ಸರಿ. ಅಳಿಸುವುದಿಲ್ಲ ಎಂದಿದ್ದಾರಲ್ಲ, ಇರಲಿ. ಆ ಹಾಳೆಯ ಮೇಲೆ ನಾನು ಅರ್ಧ ನಿಮಿಷವೂ ನಿಲ್ಲಲಿಲ್ಲ. ಸಹಿ ಹಾಕಿದೆ.

ಹೊಸ ವ್ಯವಸ್ಥೆ ಶುರುವಾದದ್ದು ಏಪ್ರಿಲಿನಲ್ಲಿ. ಏನೇ ಹೇಳಿ, ಅದರ ವೇಗಕ್ಕೆ ನಾನು ಮರುಳಾದೆ. ಕೀಲಿಯ ಮೇಲಿನಿಂದ ಬೆರಳು ಎತ್ತುವ ಮೊದಲೇ ಪುಟ ಎದುರಿಗೆ. ವರ್ಷದ ಲೆಕ್ಕ ಕೂಡಿಸಲು ಮೊದಲು ಸಂಜೆ ಹಚ್ಚಿ ಬೆಳಿಗ್ಗೆ ನೋಡಬೇಕಿತ್ತು, ಈಗ ಒಂದು ಸೀನು ಬರುವಷ್ಟರಲ್ಲಿ ಮುಗಿಯುತ್ತಿತ್ತು. ಎರಡನೆಯ ವಾರ ಬೇಸಿಗೆಯ ಗುಡುಗು ಬಂತು. ಯಂತ್ರ ಇರುವ ಮೀನಂಗಡಿಯಲ್ಲಿ ಕರೆಂಟು ಹೋಯಿತು, ಬ್ಯಾಟರಿಯೂ ಕೈಕೊಟ್ಟಿತು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೆ ಕುಣಿಯುವಂತಾಯಿತು. ಈಗ ಗೊತ್ತಾಗುತ್ತದೆ ಬಣ್ಣ ಎಂದು ಕಾದೆ. ಕರೆಂಟು ಬಂತು, ಯಂತ್ರ ಎದ್ದಿತು. ಗುಡುಗಿಗೆ ಮುಂಚೆ ನಾನು ಹೊಡೆದ ಕೊನೆಯ ತೂಕದವರೆಗೂ ಎಲ್ಲ ಹಾಗೇ ಇತ್ತು. ಸ್ವಲ್ಪ ನಿರಾಸೆಯೇ ಆಯಿತು.

ಒಂದು ವಿಷಯ ಬದಲಾಯಿತು. ಯಾರೂ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಬಂದರು, ತೂಗಿದರು, ಚೀಟಿ ತೆಗೆದುಕೊಂಡರು, ಹೋದರು. ಯಾರ ಮನೆಯಲ್ಲಿ ಏನಾಯಿತು ಎಂದು ನನಗೆ ತಿಳಿಯುತ್ತಿದ್ದದ್ದು ಆ ಕಾಯುವ ಹೊತ್ತಿನಲ್ಲಿ ಎಂಬುದು ಆಗ ಹೊಳೆಯಲಿಲ್ಲ. ಆಫೀಸು ಶಾಂತವಾಗಿದೆ ಎಂದುಕೊಂಡೆ.

ಜೇನಿನ ಪಾಸಿನ ಪಟ್ಟಿಯನ್ನೂ ಆ ವರ್ಷ ಯಂತ್ರವೇ ತೆಗೆಯಿತು. ಚಾಲ್ತಿಯಲ್ಲಿರುವ ಜೇನು ಸದಸ್ಯರು ಎಂದು ಕೇಳಿದರೆ ಪಟ್ಟಿ ಬರುತ್ತದೆ, ಅದು ನೇರವಾಗಿ ಅರಣ್ಯದವರಿಗೆ ಹೋಗುತ್ತದೆ. ನನ್ನ ಕೈಯಲ್ಲಿ ಹಾಳೆ ಬರೆಯುವ ಕೆಲಸ ಉಳಿಯಲಿಲ್ಲ. ಒಂದು ಕೆಲಸ ಕಡಿಮೆಯಾಯಿತು ಎಂದು ನಾನು ಸಮಾಧಾನಪಟ್ಟುಕೊಂಡೆ.

ಮೇ ತಿಂಗಳ ಒಂದು ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಹಾಡಿಯ ಒಬ್ಬಳು ಕೂತಿದ್ದಳು. ಅವಳನ್ನು ನಾನು ಮದುವೆಗೆ ಮುಂಚಿನಿಂದ ಬಲ್ಲೆ. ಅವಳ ಗಂಡ ಹಾಡಿಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಮರ ಹತ್ತುವವನು. ಅವಳ ಅಣ್ಣ ಗಂಡನ ಹಗ್ಗ ಹಿಡಿಯುವವನು. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟ ಒಂದೇ ಒಂದು ಪಾಸು ಇತ್ತು.

"ಅಕ್ಕಾ, ಇವನ ಪೇರು ಬಂದಿದೆ, ಅಣ್ಣನ ಪೇರು ಬಂದಿಲ್ಲ" ಎಂದಳು. ಇವನು ಎಂದರೆ ಗಂಡ, ಪೇರು ಎಂದರೆ ಹೆಸರು, ಅಲ್ಲಿಯ ಮಾತಿನಲ್ಲಿ. "ಅಣ್ಣಂದು ಮಾತ್ರ ಅಲ್ಲ. ನಮ್ಮ ಹಾಡೀಲಿ ಹಗ್ಗ ಹಿಡಿಯೋರು ಯಾರದ್ದೂ ಬಂದಿಲ್ಲ. ಚೆಕ್‌ಪೋಸ್ಟಲ್ಲಿ ಹತ್ತೋರನ್ನ ಬಿಟ್ಟರು, ಹಿಡಿಯೋರನ್ನ ತಿರುಗಿ ಕಳಿಸಿದರು."

ಕೊನೆಯ ಹಾಳೆ ಕಣ್ಣೆದುರು ಬಂತು, ಅದರ ಕೆಳಗೆ ನನ್ನ ಸಹಿ. ಆದರೂ ಬಾಯಿ ಮೊದಲು ಹೇಳಿದ್ದು ಬೇರೆ. "ಹೊಸ ಕಂಪ್ಯೂಟರ್ ಬಂದಿದೆಯಲ್ಲ, ಅದರ ಕರಾಮತ್ತು ಇರಬೇಕು" ಎಂದೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರು ಎನ್ನುತ್ತಾರಲ್ಲ, ಆ ಜಾತಿ ನಾನು.

"ಅಮಾಸೆಗೆ ಇನ್ನು ನಾಲ್ಕೇ ದಿವಸ ಅಕ್ಕಾ" ಎಂದಳು. ಹೆಜ್ಜೇನು ತೆಗೆಯುವುದು ಅಮಾವಾಸ್ಯೆಯ ಕತ್ತಲಲ್ಲಿ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಆ ವರ್ಷದ ಜೇನು ಮುಗಿದಂತೆ. "ಇವನು ಕೇಳೋದಿಲ್ಲ. ಬೇರೆ ಹಾಡಿಯ ಹತ್ತೋನು ಒಬ್ಬನಿಗೆ ಪಾಸು ಉಂಟು, ಅವನನ್ನೇ ಕರೆದು ಹಗ್ಗ ಕೊಡ್ತೀನಿ ಅಂತಾನೆ. ಆ ಮನುಷ್ಯ ಕೆಟ್ಟವನಲ್ಲ. ಗಟ್ಟಿ ಕೈ. ಆದರೆ ಅವನು ಹಿಡಿಯೋದು ಹಗ್ಗವನ್ನು. ಅಣ್ಣ ಹಿಡಿಯೋದು ಇದನ್ನ." ಅವಳು ಕತ್ತಿನ ಕರಿಮಣಿಯನ್ನು ಬೆರಳಲ್ಲಿ ಸ್ವಲ್ಪ ಎತ್ತಿ ತೋರಿಸಿ ಬಿಟ್ಟಳು.

ಒಳಗೆ ಕರೆದು ಕೂರಿಸಿ ಯಂತ್ರದಲ್ಲಿ ನೋಡಿದೆ. ಅವಳ ಅಣ್ಣ ಕ್ಷಣಮಾತ್ರದಲ್ಲಿ ಸಿಕ್ಕಿದ. ತಣ್ಣನೆಯ ಕೋಣೆಯಲ್ಲಿದ್ದ. ಹೆಸರಿನ ಎದುರು ಚಾಲ್ತಿಯಲ್ಲಿಲ್ಲ ಎಂದು ಬರೆದಿತ್ತು, ಅದರ ಪಕ್ಕದಲ್ಲಿ ಒಪ್ಪಿಗೆ ಕೊಟ್ಟವರು ಎಂದು ನನ್ನ ನಂಬರು.

ಮ್ಯಾನೇಜರ್ ಒಳ್ಳೆಯ ಮನುಷ್ಯ, ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ. ವಿಷಯ ಕೇಳಿದ್ದೇ ದಾರಿ ಹೇಳಿಬಿಟ್ಟರು. "ಒಂದು ತೂಕ ಇದ್ದರೆ ಹೆಸರು ತಾನೇ ಚಾಲ್ತಿಗೆ ಬರುತ್ತದಲ್ಲ? ಪ್ರತಿಯೊಬ್ಬನ ಹೆಸರಲ್ಲೂ ಅರ್ಧ ಕಿಲೋ ಜೇನು ಹೊಡೆಯಿರಿ. ಅವನ ಹತ್ತುವವನ ಲೆಕ್ಕದಿಂದ ಕಳೆಯಿರಿ. ಯಾರಿಗೂ ನಷ್ಟ ಇಲ್ಲ."

ನನಗೂ ಅದೇ ಸರಿ ಎನಿಸಿತು. ಐದು ನಿಮಿಷದ ಕೆಲಸ, ನನ್ನ ತಪ್ಪೂ ಮುಚ್ಚಿಹೋಗುತ್ತದೆ. ಅವಳಿಗೆ ಹೇಳಿದೆ. ಅವಳು ಹೊರಗೆ ಹೋಗಿ ಅಣ್ಣನನ್ನು ಕರೆದುಕೊಂಡು ಬಂದಳು. ಅವನು ಅಷ್ಟು ಹೊತ್ತೂ ರಸ್ತೆಯ ಆಚೆ ಮರದ ಕೆಳಗೆ ನಿಂತಿದ್ದ. ನನ್ನ ವಯಸ್ಸಿನವನು, ಮಾತು ಕಡಿಮೆ. ಬಾಗಿಲಿನ ಚೌಕಟ್ಟು ಹಿಡಿದು ನಿಂತೇ ಪೂರ್ತಿ ಕೇಳಿದ.

"ಆಗೋದಿಲ್ಲ" ಎಂದ.

"ಬರೀ ಕಾಗದದ ಮೇಲೆ ಕಣಣ್ಣಾ. ನಿಜವಾಗಿ ಜೇನು ತೆಗೆದುಕೊಳ್ಳುವುದು ಬೇಡ."

"ಭಾವ ಮೇಲೆ ಇರುವಾಗ ಕೆಳಗೆ ನಿಂತೋನಿಗೆ ಜೇನಿನ ಆಸೆ ಇರಬಾರದು. ಅವನ ಜೇನು ನನ್ನ ಪೇರಲ್ಲಿ ತೂಗಿದೆ ಅಂದರೆ, ನಾಳೆ ಅವನು ಹತ್ತುವಾಗ ಒಂದು ಸಲ ಕೆಳಗೆ ನೋಡ್ತಾನೆ. ನೋಡಬಾರದು. ಹತ್ತೋನು ಕೆಳಗೆ ನೋಡಬಾರದು." ಇಷ್ಟು ಹೇಳಿ ಮತ್ತೆ ಮರದ ಕೆಳಗೆ ಹೋಗಿ ನಿಂತ.

ನನಗೆ ನಾಚಿಕೆಯಾಯಿತು. ಮ್ಯಾನೇಜರ್ ಕೂಡ ಮತ್ತೆ ಆ ಮಾತೆತ್ತಲಿಲ್ಲ. ನಾನು ಎಂಜಿನಿಯರಮ್ಮನಿಗೆ ಫೋನು ಮಾಡಿದೆ. ಮೊದಲು ನಿಮ್ಮ ಯಂತ್ರ ಹೀಗೆ ಮಾಡಿದೆ ಎಂದು ಜಗಳಕ್ಕೆ ಹೋಗುವ ತಯಾರಿಯಲ್ಲೇ ಇದ್ದೆ. ಆದರೆ ಅವರ ದನಿ ಕೇಳಿದಾಗ ಬಾಯಿಗೆ ನಿಜವೇ ಬಂತು. "ಮೇಡಂ, ನಾನು ನೋಡದೆ ಸಹಿ ಹಾಕಿದೆ" ಎಂದೆ. ಹಗ್ಗದ ಕಟ್ಟನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವರ ಕೆಲಸ ಇದೆ, ತೂಕ ಇಲ್ಲ. ಅಷ್ಟೇ ತಾನೇ?" ಎಂದರು. "ಹತ್ತುವವರ ಪುಟದಲ್ಲಿ ಹಗ್ಗ ಹಿಡಿಯುವವರು ಎಂದು ಒಂದು ಕಾಲಂ ಸೇರಿಸೋಣ. ಅದರಲ್ಲಿ ಹೆಸರಿದ್ದರೆ ಆ ಸದಸ್ಯರು ಚಾಲ್ತಿಯಲ್ಲಿದ್ದಾರೆ ಎಂದು ಯಂತ್ರಕ್ಕೆ ಹೇಳೋಣ. ಕಾಲಂ ಸೇರಿಸುವುದು ದೊಡ್ಡ ಕೆಲಸವಲ್ಲ, ಚೇಚೀ. ಮೀನಂಗಡಿಯವರ ಒಪ್ಪಿಗೆ ಪಡೆಯಬೇಕು, ನಾನು ಮಾತಾಡುತ್ತೇನೆ. ಯಾರ ಹಗ್ಗ ಯಾರು ಹಿಡಿಯುತ್ತಾರೆ ಎಂಬ ದಾಖಲೆ ಕಳಿಸಿ."

"ದಾಖಲೆ ಇಲ್ಲ."

"ಹಾಗಾದರೆ ಇಷ್ಟು ವರ್ಷ ಎಲ್ಲಿತ್ತು?"

"ನನಗೆ ನೆನಪಿದೆ" ಎಂದೆ. ತರಬೇತಿಯ ದಿನ ನಾನು ಕೇಳಿದ ಪ್ರಶ್ನೆ ಅವರಿಗೂ ನೆನಪಾಗಿರಬೇಕು. ಆದರೆ ಆ ಹೆಂಗಸು ದೊಡ್ಡವರು, ಆಡಿ ತೋರಿಸಲಿಲ್ಲ. "ಬರೆಯಿರಿ" ಎಂದಷ್ಟೇ ಹೇಳಿದರು.

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಎಡಗಡೆ ಹತ್ತುವವರು, ಬಲಗಡೆ ಹಿಡಿಯುವವರು. ಮೊದಲ ಏಳೆಂಟು ಹೆಸರು ಸರಾಗ ಬಂದವು. ಆಮೇಲೆ ಪೆನ್ನು ನಿಂತಿತು. ಹೊಳೆಯ ಹತ್ತಿರದ ಮನೆಯವನ ಹಗ್ಗ ಯಾರ ಕೈಯಲ್ಲಿ? ಅವನ ಹೆಂಡತಿಯ ಅಣ್ಣನೋ ತಮ್ಮನೋ? ಇಬ್ಬರ ಮುಖವೂ ಕಾಣುತ್ತಿತ್ತು, ಯಾರು ಎಂದು ಮಾತ್ರ ತಿಳಿಯಲಿಲ್ಲ. ಎದುರಿಗೆ ಕೂತಿದ್ದ ಅವಳನ್ನು ಕೇಳಲು ನನ್ನ ಜಂಬ ಬಿಡಲಿಲ್ಲ. ಅಂದಾಜಿನ ಮೇಲೆ ಬರೆದು ಮುಂದೆ ಹೋದೆ.

ಎಲ್ಲ ಮುಗಿಸಿ, ಒಮ್ಮೆ ಓದುತ್ತೇನೆ ಕೇಳು ಎಂದು ಅವಳಿಗೆ ಓದಿದೆ. ಅವಳು ತಲೆಯಾಡಿಸುತ್ತಾ ಕೇಳುತ್ತಿದ್ದವಳು ನಡುವೆ ಕೈ ಎತ್ತಿದಳು.

"ಅಲ್ಲ ಅಕ್ಕಾ. ಹೊಳೆ ಕಡೆಯವಂದು ಆ ಅಣ್ಣ ಅಲ್ಲ. ಅವನು ಹೋದ ಮಳೆಗಾಲದಲ್ಲಿ ತೀರಿಕೊಂಡನಲ್ಲ. ಈಗ ತಮ್ಮ ಹಿಡಿಯೋದು."

"ತೀರಿಕೊಂಡನೇ?"

"ನಿನಗೆ ಗೊತ್ತಿಲ್ಲವಾ?" ಅವಳಿಗೆ ಆಶ್ಚರ್ಯವಾಗಿತ್ತು. ನನಗೆ ಗೊತ್ತಿಲ್ಲದ್ದು ಇರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

ನಾನು ಸತ್ತವನಿಗೆ ಪಾಸು ಬರೆದು, ಬದುಕಿರುವವನನ್ನು ಬಿಟ್ಟಿದ್ದೆ. ಅದೊಂದೇ ಅಲ್ಲ. ಇನ್ನೂ ಎರಡು ಕಡೆ ಅವಳು ತಿದ್ದಿಸಿದಳು. ಒಬ್ಬನ ಕೈಗೆ ಪೆಟ್ಟಾಗಿ ಅವನ ತಮ್ಮ ಬಂದಿದ್ದ. ಇನ್ನೊಬ್ಬನ ಹೆಸರು ನನಗೆ ಹೊಳೆದೇ ಇರಲಿಲ್ಲ. ಈ ತಪ್ಪುಗಳು ಈ ವರ್ಷದವು ಮಾತ್ರವೇ? ಹಿಂದಿನ ವರ್ಷಗಳಲ್ಲಿ ನಾನು ತಲೆಯಿಂದ ತೆಗೆದು ಬರೆದ ಹಾಳೆಗಳಲ್ಲಿ ಎಷ್ಟು ತಪ್ಪಿದ್ದವೋ? ಯಾರು ಯಾರ ಹಗ್ಗ ಹಿಡಿದು ನಿಂತಿದ್ದರೋ? ಏನೂ ಆಗಲಿಲ್ಲ ಎಂಬುದು ನನ್ನ ಪುಣ್ಯ, ನನ್ನ ಜಾಣತನವಲ್ಲ. ಆ ಹಾಳೆಯನ್ನು ಇನ್ನೊಮ್ಮೆ ಹೊಸದಾಗಿ ಬರೆದು ಅವಳಿಗೆ ಓದಿದೆ. ಆಮೇಲೆ ಅವಳ ಅಣ್ಣನನ್ನು ಕರೆದು ಅವನಿಗೂ ಓದಿದೆ.

ಮರುದಿನ ಹಾಳೆಯನ್ನು ಕೈಚೀಲದಲ್ಲಿಟ್ಟುಕೊಂಡು ಮೀನಂಗಡಿಗೆ ಹೋದೆ. ಅಲ್ಲಿಯ ದೊಡ್ಡವರಿಗೆ ಒಂದು ಶಾಖೆಯ ಹದಿನೈದಿಪ್ಪತ್ತು ಹೆಸರಿಗೆ ಹೊಸ ಕಾಲಂ ಯಾಕೆ ಎಂಬ ಸಂಶಯ. ಮುಂದಿನ ವರ್ಷ ನೋಡೋಣ ಎಂದರು. ಎಂಜಿನಿಯರಮ್ಮ ಕೊಚ್ಚಿಯಿಂದ ಫೋನಿನಲ್ಲಿ ನನ್ನ ಪರ ವಾದಿಸಿದರು. ನಾನು ಎದುರಿಗೇ ಕೂತುಬಿಟ್ಟೆ. "ಸಾರ್, ಮರದ ಮೇಲೆ ಇರುವವನಿಗೆ ಮುಂದಿನ ವರ್ಷ ಎಂದು ಹೇಳಿ ಕಳಿಸಲೇ?" ಎಂದು ಕೇಳಿದೆ. ಅಲ್ಲಿಂದ ಏಳುವುದಿಲ್ಲ ಎಂದು ಅವರಿಗೆ ಗೊತ್ತಾದ ಮೇಲೆ ಒಪ್ಪಿದರು. ಊಟದ ಹೊತ್ತು ಕಳೆದಿತ್ತು. ಕಾಲಂ ಬಂತು. ಹೆಸರುಗಳನ್ನು ನಾನೇ ಒಂದೊಂದಾಗಿ ತುಂಬಿದೆ. ತುಂಬಿದಂತೆಲ್ಲ ತಣ್ಣನೆಯ ಕೋಣೆಯಿಂದ ಒಬ್ಬೊಬ್ಬರೇ ಈಚೆಗೆ ಬಂದರು.

ಪಾಸುಗಳು ಕೈಗೆ ಸಿಕ್ಕಿದ್ದು ಅಮಾವಾಸ್ಯೆಯ ದಿನ ಮಧ್ಯಾಹ್ನ. ಯಾರ ಕೈಯಲ್ಲಿ ಕಳಿಸಲೂ ಧೈರ್ಯ ಬರಲಿಲ್ಲ. ಜೀಪು ಮಾಡಿಕೊಂಡು ಹಾಡಿಗೆ ನಾನೇ ಹೋದೆ. ಅಣ್ಣ ಅಂಗಳದಲ್ಲಿ ಕೂತು ಹಗ್ಗವನ್ನು ಮೊಳ ಮೊಳವಾಗಿ ಎಳೆದು ಪರೀಕ್ಷೆ ಮಾಡುತ್ತಿದ್ದ. ಪಾಸು ಬಂದರೂ ಬಾರದಿದ್ದರೂ ಆ ಕೆಲಸ ಅವನದ್ದು ಎಂಬಂತೆ. ಗಂಡ ಮನೆಯೊಳಗೆ ಸಿಟ್ಟಿನಲ್ಲಿ ಮಲಗಿದ್ದ. ಬೇರೆ ಹಾಡಿಯವನಿಗೆ ಹೇಳಿ ಕಳಿಸಿಯೂ ಆಗಿತ್ತಂತೆ.

ಅಣ್ಣನಿಗೆ ಓದಲು ಬರುವುದಿಲ್ಲ. ಪಾಸನ್ನು ತೆಗೆದುಕೊಂಡು ತಿರುಗಿಸಿ ನೋಡಿದ. "ನನ್ನ ಪೇರು ಎಲ್ಲಿ?" ಎಂದು ಕೇಳಿದ. ತೋರಿಸಿದೆ. ಆಮೇಲೆ ಯಂತ್ರದಿಂದ ತೆಗೆದ ಪಟ್ಟಿಯನ್ನು ಬಿಡಿಸಿ, ಇಲ್ಲಿ ನಿನ್ನ ಭಾವ, ಅದರ ಪಕ್ಕದಲ್ಲಿ ನೀನು ಎಂದು ತೋರಿಸಿದೆ. ಅವನು ಎರಡು ಹೆಸರುಗಳ ಮೇಲೂ ಬೆರಳಿಟ್ಟ.

"ಇಷ್ಟು ವರ್ಷ ಇದು ಎಲ್ಲಿತ್ತು?"

"ನನ್ನ ತಲೆಯಲ್ಲಿತ್ತು" ಎಂದೆ.

ಅವನು ನನ್ನನ್ನೇ ನೋಡಿದ. ತಮಾಷೆಗೆ ಕೇಳಿದ್ದಲ್ಲ, ಬೈಯಲೂ ಅಲ್ಲ. ತಿಳಿಯಬೇಕೆಂದೇ ಕೇಳಿದ. "ನೀನು ಜ್ವರ ಬಂದು ಮಲಗಿದ್ದರೆ?"

ಮೀನಂಗಡಿಯಲ್ಲಿ ಎಲ್ಲರನ್ನೂ ನಗಿಸಿದ ನನ್ನ ಪ್ರಶ್ನೆಯೇ ಅದು. ಎಂಜಿನಿಯರಮ್ಮನ ಹತ್ತಿರ ಅದಕ್ಕೆ ಉತ್ತರ ಇತ್ತು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಇವರ ಪ್ರಾಣವನ್ನು ನಾನು ಎಲ್ಲೂ ಬರೆದಿಡದೆ ತಲೆಯಲ್ಲಿ ಹೊತ್ತು ತಿರುಗಿದ್ದೆ, ಅದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ. "ತಪ್ಪಾಯಿತು ಅಣ್ಣಾ" ಎಂದೆ. ಅವನು ಪಾಸನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮತ್ತೆ ಹಗ್ಗಕ್ಕೆ ಕೈ ಹಾಕಿದ. ಉಳಿದ ಪಾಸುಗಳನ್ನು ಮನೆ ಮನೆಗೆ ಹಂಚಿ ನಾನು ಕತ್ತಲಾಗುವ ಮುಂಚೆ ಹೊರಟೆ.

ಮರುದಿನ ಆಫೀಸಿಗೆ ಎಲ್ಲರಿಗಿಂತ ಮೊದಲು ಹೋದೆ. ಯಂತ್ರ ಹಚ್ಚಿದೆ. ಕೆಲಸ ಮಾಡಲು ಆಗಲಿಲ್ಲ. ಚಹಾಕ್ಕೆ ನೀರಿಟ್ಟು ಮರೆತು, ಪಾತ್ರೆ ಸುಟ್ಟ ವಾಸನೆ ಬಂದಾಗ ಎದ್ದೆ. ಹತ್ತು ಗಂಟೆ ಕಳೆದ ಮೇಲೆ ಹಾಡಿಯ ಜೀಪು ಬಂದು ನಿಂತಿತು. ಹಿಂದಿನಿಂದ ಅವಳು ಒಬ್ಬಳೇ ಇಳಿದಳು, ಕೈಯಲ್ಲಿ ಜೇನಿನ ಕ್ಯಾನು. ಗಂಡನೂ ಕಾಣಲಿಲ್ಲ, ಅಣ್ಣನೂ ಕಾಣಲಿಲ್ಲ. ನಾನು ಕ್ಯಾನು ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಅವಳ ಕತ್ತು ನೋಡಿದೆ.

ಕರಿಮಣಿ ಇತ್ತು.

"ಏನಕ್ಕಾ ಹಾಗೆ ನೋಡ್ತೀಯಾ?" ಎಂದಳು. "ಇಬ್ಬರೂ ಮಲಗಿದ್ದಾರೆ. ನಿದ್ದೆ ಕೆಟ್ಟಿದೆಯಲ್ಲ."

"ಏನಿಲ್ಲ. ತೂಕಕ್ಕೆ ಇಡು" ಎಂದೆ. ನಂಬರು ಹೇಳು ಎಂದು ಆ ದಿನ ಮೊದಲ ಸಲ ಕೇಳಿದೆ. ಅವಳು ಹೇಳಿದಳು. ಪುಟ ತೆರೆಯಿತು. ಹತ್ತಿದವರು ಎಂಬಲ್ಲಿ ಅವಳ ಗಂಡನ ಹೆಸರು ಇತ್ತು. ಈ ತೂಕಕ್ಕೆ ಹಗ್ಗ ಹಿಡಿದದ್ದು ಯಾರು ಎಂದು ಕೇಳಿದೆ, ಪಕ್ಕದ ಕಾಲಂನಲ್ಲಿ ಹೆಸರಿದ್ದರೂ, ಗೊತ್ತಿದ್ದರೂ. ಅವಳು ಅಣ್ಣನ ಹೆಸರು ಹೇಳಿದಳು. ಹೇಳಿದ ಮೇಲೆಯೇ ನಾನು ಚೀಟಿಯಲ್ಲಿ ಬರೆದೆ.